ಮುಚ್ಚಿದ ಕಾರ್ಖಾನೆಗೆ ಯಾವ ಬಳಕೆ? ಹಳೆಯ ನಗರಭಾಗಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ನಗರದ ಹಳೆಯ ಭಾಗದಲ್ಲಿ ಒಂದು ಗಿರಣಿಯೋ ಗ್ಯಾಸ್ ಕಾರ್ಖಾನೆಯೋ ವಿದ್ಯುತ್ ಸ್ಥಾವರವೋ ಮುಚ್ಚಿ ವರ್ಷಗಳು ಕಳೆದ ಮೇಲೆ ಅದರ ಬಗ್ಗೆ ಸಭೆ ಸೇರುತ್ತದೆ. ಒಬ್ಬರು ವಸ್ತುಸಂಗ್ರಹಾಲಯ ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಅಪಾರ್ಟ್‌ಮೆಂಟ್ ಎನ್ನುತ್ತಾರೆ, ಮಾಲ್ ಬೇಕೆನ್ನುವವರೂ ಇರುತ್ತಾರೆ. ಮಾತು ಅಲ್ಲಿಂದಲೇ ಶುರುವಾಗುವುದರಿಂದ ಅರ್ಧದಷ್ಟು ಯೋಜನೆಗಳು ಹಳಿ ತಪ್ಪುತ್ತವೆ ಎಂದು ನನಗೆ ಅನ್ನಿಸುತ್ತದೆ. 'ಇಲ್ಲಿ ಏನು ಮಾಡೋಣ' ಎಂಬುದು ನಾಲ್ಕನೆಯ ಪ್ರಶ್ನೆಯಾಗಬೇಕು. ನೆಲದಡಿ ಏನಿದೆ, ಕಟ್ಟಡ ಎಷ್ಟನ್ನು ಹೊರಬಲ್ಲದು ಮತ್ತು ಅದರೊಳಗೆ ಬೆಳಕು ಎಲ್ಲಿಯವರೆಗೆ ಬರುತ್ತದೆ, ಮುಂದಿನ ಮೂವತ್ತು ವರ್ಷ ಅದನ್ನು ನೋಡಿಕೊಳ್ಳುವವರು ಯಾರು, ಈ ಮೂರಕ್ಕೆ ಮೊದಲು ಉತ್ತರ ಬೇಕು. ಉತ್ತರ ಸಿಕ್ಕಿತೆಂದರೆ ಹತ್ತು ಆಯ್ಕೆಗಳು ಎರಡು ಮೂರಕ್ಕೆ ಇಳಿಯುತ್ತವೆ, ಆಗ ಹೋಲಿಸುವುದು ಸುಲಭ.

ಮೊದಲು ಮಣ್ಣು

ಕಲ್ಲಿದ್ದಲನ್ನು ಕಾಯಿಸಿ ಅನಿಲ ತೆಗೆಯುತ್ತಿದ್ದ ಜಾಗವನ್ನು ಅಗೆದರೆ ಟಾರು, ಬೆಂಜೀನ್, ಸಯನೈಡ್ ಬೆರೆತು ನೀಲಿಗಟ್ಟಿದ ಮಣ್ಣು ಸಿಗುತ್ತದೆ. ಚರ್ಮ ಹದ ಮಾಡುತ್ತಿದ್ದಲ್ಲಿ ಕ್ರೋಮಿಯಂ, ಬಣ್ಣ ತಯಾರಿಸುತ್ತಿದ್ದಲ್ಲಿ ಸೀಸದಂಥ ಭಾರಲೋಹಗಳು, ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಸುತ್ತ ಪಿಸಿಬಿ ಎಂಬ ವಿಷಕಾರಿ ಎಣ್ಣೆ, ಬಾಯ್ಲರ್ ಕೊಳವೆಗಳ ಹೊದಿಕೆಯಲ್ಲಿ ಮತ್ತು ಚಾವಣಿಯ ಹಾಳೆಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್). ನೂಲಿನ ಗಿರಣಿ ಇವುಗಳ ಮುಂದೆ ಶುಭ್ರವೆಂದೇ ಹೇಳಬೇಕು. ಅಲ್ಲಿಯೂ ಬಾಯ್ಲರ್ ಮನೆಯ ಬೂದಿರಾಶಿ ಇರುತ್ತದೆ, ಮರದ ನೆಲಹಾಸು ದಶಕಗಳ ಕಾಲ ಯಂತ್ರದ ಎಣ್ಣೆ ಕುಡಿದು ಬೆಂಕಿಗೆ ಸಿದ್ಧವಾಗಿ ನಿಂತಿರುತ್ತದೆ. ಆದ್ದರಿಂದ ಮೊದಲ ಖರ್ಚು ವಾಸ್ತುಶಿಲ್ಪಿಯ ಚಿತ್ರಪಟಕ್ಕೆ ಹೋಗಬಾರದು, ಮಣ್ಣು ಮತ್ತು ಅಂತರ್ಜಲದ ಪರೀಕ್ಷೆಗೆ ಹೋಗಬೇಕು. ಪರೀಕ್ಷೆಗೆ ಮುನ್ನ ಕಾರ್ಖಾನೆಯ ಹಳೆಯ ನಕಾಶೆಗಳನ್ನು ಹುಡುಕಬೇಕು. ಟ್ಯಾಂಕು, ಹಳ್ಳ, ತ್ಯಾಜ್ಯದ ಗುಂಡಿ ಎಲ್ಲಿದ್ದವೆಂದು ತಿಳಿಯದೆ ಕುರುಡಾಗಿ ತೋಡಿದ ಮಾದರಿಗಳು ಸುಳ್ಳು ಧೈರ್ಯ ಕೊಡುತ್ತವೆ.

ಕಲುಷಿತ ನೆಲಕ್ಕೆ ಮುಖ್ಯವಾಗಿ ಮೂರು ಚಿಕಿತ್ಸೆಗಳಿವೆ. ಅಗೆದು ಸಾಗಿಸುವುದು ಬೇಗ ಮುಗಿಯುತ್ತದೆ, ಬೇರೆ ಯಾವ ಬಳಕೆಗೂ ಬಾಗಿಲು ತೆರೆದಿಡುತ್ತದೆ. ಆದರೆ ಹಳೆಯ ಬೀದಿಗಳ ಇಕ್ಕಟ್ಟಿನಲ್ಲಿ ಸಾವಿರಾರು ಲಾರಿ ಮಣ್ಣು ಹೊರಡಬೇಕು, ಪಕ್ಕದ ಮನೆಗಳ ಆಳವಿಲ್ಲದ ಅಡಿಪಾಯ ಅಲುಗಬಾರದು, ಆ ಮಣ್ಣು ಇನ್ನೊಬ್ಬರ ಊರಿನ ಹೊರೆಯಾಗುತ್ತದೆ. ಮುಚ್ಚಿ ಹೊದಿಸುವುದು ಅಗ್ಗ. ಮಣ್ಣಿನ ಮೇಲೆ ಜೇಡಿಮಣ್ಣಿನ ಪದರ ಅಥವಾ ನೀರು ಇಳಿಯದ ಹಾಳೆ, ಅದರ ಮೇಲೆ ಒಳ್ಳೆಯ ಮಣ್ಣು. ಅಲ್ಲಿ ಮುಂದೆ ನೆಲಮಾಳಿಗೆ ತೋಡುವಂತಿಲ್ಲ, ತರಕಾರಿ ಬೆಳೆಯುವಂತಿಲ್ಲ, ಆಳಕ್ಕೆ ಬೇರಿಳಿಸುವ ಮರವನ್ನು ಯೋಚಿಸಿಯೇ ನೆಡಬೇಕು. ಮೂರನೆಯದು ಸ್ಥಳದಲ್ಲಿಯೇ ಶುದ್ಧಿ ಮಾಡುವುದು: ಸೂಕ್ಷ್ಮಾಣುಜೀವಿಗಳಿಗೆ ಆಹಾರ ಕೊಟ್ಟು ಎಣ್ಣೆಯಂಶವನ್ನು ತಿನ್ನಿಸುವುದು, ಅಂತರ್ಜಲದೊಳಗೆ ಗಾಳಿ ಹಾಯಿಸಿ ಆವಿಯಾಗುವ ವಿಷವನ್ನು ಹೊರತೆಗೆಯುವುದು. ಇದಕ್ಕೆ ವರ್ಷಗಳು ಬೇಕು, ಭಾರಲೋಹಕ್ಕೆ ಇದು ನಾಟುವುದಿಲ್ಲ.

ಅಮೆರಿಕದ ಸಿಯಾಟಲ್ ನಗರದ ಗ್ಯಾಸ್ ವರ್ಕ್ಸ್ ಪಾರ್ಕ್ ಮೂರನೆಯ ದಾರಿಯ ಹಳೆಯ ಪ್ರಯೋಗ. 1956ರಲ್ಲಿ ನಿಂತುಹೋದ ಗ್ಯಾಸ್ ಕಾರ್ಖಾನೆಯನ್ನು ಭೂದೃಶ್ಯ ವಿನ್ಯಾಸಕ ರಿಚರ್ಡ್ ಹಾಗ್ ಕೆಡವಿಸದೆ ಗೋಪುರಗಳ ಸಮೇತ ಉಳಿಸಿ 1975ರಲ್ಲಿ ಉದ್ಯಾನವಾಗಿ ತೆರೆಸಿದರು. ಮಣ್ಣಿಗೆ ಚರಂಡಿ ಗೊಬ್ಬರ, ಮರದ ಹೊಟ್ಟು ಬೆರೆಸಿ ಸೂಕ್ಷ್ಮಾಣುಗಳನ್ನು ಕೆಲಸಕ್ಕೆ ಹಚ್ಚಿದರು. ಆದರೂ 1984ರಲ್ಲಿ ವಿಷದ ಅಂಶ ಕಂಡುಬಂದು ಉದ್ಯಾನವನ್ನು ಕೆಲಕಾಲ ಮುಚ್ಚಬೇಕಾಯಿತು, ಅಂತರ್ಜಲದ ಶುದ್ಧೀಕರಣ ಆಮೇಲೂ ನಡೆಯಿತು. ಇದನ್ನು ಸೋಲು ಎಂದು ನಾನು ಕರೆಯುವುದಿಲ್ಲ. ಕಲುಷಿತ ನೆಲದ ಮೇಲೆ ಏನೇ ಮಾಡಿದರೂ ತಪಾಸಣೆಯ ಖರ್ಚು ದಶಕಗಟ್ಟಲೆ ಬಜೆಟ್ಟಿನಲ್ಲಿ ಇರಲೇಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಒಂದು ಅಂಶವನ್ನು ಹಲವರು ಗಮನಿಸುವುದಿಲ್ಲ. ಬೆಂಜೀನ್‌ನಂಥ ವಸ್ತುಗಳು ಬಯಲಿನಲ್ಲಿ ಆವಿಯಾದರೆ ಗಾಳಿಯಲ್ಲಿ ಚದುರಿಹೋಗುತ್ತವೆ, ಮುಚ್ಚಿದ ಕೋಣೆಯ ಕೆಳಗಿದ್ದರೆ ನೆಲದ ಬಿರುಕುಗಳಿಂದ ಮೇಲೆದ್ದು ಅಲ್ಲಿಯೇ ನಿಲ್ಲುತ್ತವೆ. ಹೀಗಾಗಿ ಒಂದೇ ಮಟ್ಟದ ಮಾಲಿನ್ಯ ಉದ್ಯಾನಕ್ಕೆ ಸಹನೀಯವಾಗಿರಬಹುದು, ಮಗು ಮಲಗುವ ನೆಲಮಹಡಿಯ ಕೋಣೆಗೆ ಆಗದಿರಬಹುದು. ಅತ್ಯಂತ ಶುದ್ಧ ಮಣ್ಣು ಬೇಕಾಗುವುದು ಹಿತ್ತಿಲಿರುವ ಮನೆಗಳಿಗೆ ಮತ್ತು ಶಾಲೆಗಳಿಗೆ. ಕಚೇರಿ, ಕಾರ್ಯಾಗಾರ, ಕಲ್ಲುಹಾಸಿನ ಚೌಕಗಳಿಗೆ ಬೇಡಿಕೆ ಕಡಿಮೆ. ಮಣ್ಣಿನ ವರದಿ ಕೆಟ್ಟದಾಗಿದ್ದರೆ 'ಮನೆಗಳು' ಎಂಬ ಆಯ್ಕೆಯ ಬೆಲೆ ಅಲ್ಲಿಯೇ ಏರಿಬಿಡುತ್ತದೆ.

ಕಟ್ಟಡ ತಾನೇ ಹೇಳುವ ಉತ್ತರ

ಯಂತ್ರಗಳನ್ನು ಹೊರಲು ಕಟ್ಟಿದ ಮಹಡಿಗಳು ಸಾಮಾನ್ಯವಾಗಿ ಬಲಿಷ್ಠ. ಮನೆಯ ಮಹಡಿಯನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸ ಮಾಡುತ್ತಾರೆ, ಗೋದಾಮು ಮತ್ತು ಗಿರಣಿಯ ಮಹಡಿಗಳು ಅದರ ಹಲವು ಪಟ್ಟು ಹೊರುತ್ತಿದ್ದವು. ಆದ್ದರಿಂದ ತೂಕದ ಭಯ ಕಡಿಮೆ, ಲೋಹದ ಸ್ವಭಾವದ ಬಗ್ಗೆ ಎಚ್ಚರ ಹೆಚ್ಚು ಬೇಕು. ಹತ್ತೊಂಬತ್ತನೆಯ ಶತಮಾನದ ಎರಕದ ಕಬ್ಬಿಣ ಒತ್ತುವ ಭಾರಕ್ಕೆ ಗಟ್ಟಿ, ಎಳೆಯುವ ಭಾರಕ್ಕೆ ದುರ್ಬಲ. ಹಾಗಾಗಿ ಎರಕದ ಕಂಬವನ್ನು ನಂಬಬಹುದು, ಎರಕದ ತೊಲೆಯನ್ನು ಪರೀಕ್ಷಿಸದೆ ನಂಬಬಾರದು. ಅದು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಮುರಿಯುತ್ತದೆ. ಬೆಂಕಿಯಲ್ಲಿ ಕಾದಾಗ ತಣ್ಣೀರು ಬಿದ್ದರೂ ಸೀಳುತ್ತದೆ. ಕಬ್ಬಿಣದ ಕೆಲಸದವರು ಎಂದಿನ ಉಕ್ಕಿನ ತೊಲೆಯೆಂದುಕೊಂಡು ಅದಕ್ಕೆ ವೆಲ್ಡಿಂಗ್ ಮಾಡದಂತೆ ಕಾಮಗಾರಿಯ ಒಪ್ಪಂದದಲ್ಲಿಯೇ ಬರೆಯಿರಿ. ಅದೇ ರೀತಿ ಸುಣ್ಣದ ಗಾರೆಯ ಇಟ್ಟಿಗೆ ಗೋಡೆಗೆ ಸಿಮೆಂಟಿನ ತೇಪೆ ಬೇಡ. ಸುಣ್ಣ ತೇವವನ್ನು ಹೊರಬಿಡುತ್ತದೆ, ಸಿಮೆಂಟು ತಡೆಯುತ್ತದೆ, ತೇವ ಇಟ್ಟಿಗೆಯ ಮುಖವನ್ನೇ ಸೀಳಿಕೊಂಡು ಹೊರಬರುತ್ತದೆ.

ಬೆಳಕಿನ ಲೆಕ್ಕ ಇನ್ನೂ ನಿರ್ಣಾಯಕ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಉಪಯೋಗಕ್ಕೆ ಬರುತ್ತದೆ. ಮೇಲಂಚು ಮೂರೂವರೆ ಮೀಟರಿನಲ್ಲಿದ್ದರೆ ಏಳೆಂಟು ಮೀಟರ್. ಎರಡು ಬದಿಯೂ ಕಿಟಕಿ ಇರುವ ಹದಿನಾರು ಮೀಟರ್ ಅಗಲದ ಗಿರಣಿ ಮನೆಗಳಿಗೂ ಕಚೇರಿಗಳಿಗೂ ಒದಗುತ್ತದೆ. ಅಗಲ ಮೂವತ್ತು ಮೀಟರ್ ಆದರೆ ನಡುಭಾಗ ಕತ್ತಲು. ಆಗ ಮಧ್ಯದಲ್ಲಿ ಆಕಾಶಕ್ಕೆ ತೆರೆದ ಅಂಗಳ ಕೊರೆಯಬೇಕು, ಅಥವಾ ಆ ಕತ್ತಲನ್ನೇ ಬಯಸುವ ಬಳಕೆ ಹುಡುಕಬೇಕು: ದಾಸ್ತಾನು, ರಂಗಮಂದಿರ, ಧ್ವನಿಮುದ್ರಣ ಕೇಂದ್ರ.

ಕಟ್ಟಡದ ಜಾತಿಯೂ ಬೇರೆ ಬೇರೆ. ಬಹುಮಹಡಿಯ ಗಿರಣಿ ಎಲ್ಲದಕ್ಕೂ ಒಗ್ಗುವ ಸಾಧು ಸ್ವಭಾವದ್ದು. ಗರಗಸದ ಹಲ್ಲಿನಂತೆ ಚಾವಣಿ ಇರುವ ಒಂದೇ ಅಂತಸ್ತಿನ ನೇಯ್ಗೆ ಶೆಡ್ಡಿಗೆ ಬೆಳಕು ಮೇಲಿನಿಂದ ಸಮವಾಗಿ ಬೀಳುತ್ತದೆ. ಉತ್ತರ ಗೋಳಾರ್ಧದಲ್ಲಿ ಗಾಜು ಉತ್ತರಕ್ಕೆ ಮುಖಮಾಡಿರುವುದರಿಂದ ನೇರ ಬಿಸಿಲು ಬಹುಮಟ್ಟಿಗೆ ಬರುವುದಿಲ್ಲ. ಇದು ಕಾರ್ಯಾಗಾರ, ಗ್ರಂಥಾಲಯ, ತರಬೇತಿ ಶಾಲೆ, ಮಾರುಕಟ್ಟೆಗೆ ಹೇಳಿ ಮಾಡಿಸಿದ್ದು, ಹೊರನೋಟವಿಲ್ಲದ್ದರಿಂದ ಮನೆಗಳಿಗೆ ಸಲ್ಲದು. ವಿದ್ಯುತ್ ಸ್ಥಾವರದ ಟರ್ಬೈನ್ ಹಾಲ್‌ನಂಥ ಬೃಹತ್ ಪಡಸಾಲೆಯ ಅರ್ಥವೇ ಅದರ ಶೂನ್ಯದಲ್ಲಿದೆ. ಅದರೊಳಗೆ ಆರು ಮಹಡಿ ತುರುಕಿದರೆ ಉಳಿಸಿದ್ದು ಏನನ್ನು ಎಂದು ಕೇಳಬೇಕಾಗುತ್ತದೆ. ಲಂಡನ್ನಿನಲ್ಲಿ 1981ರಲ್ಲಿ ಮುಚ್ಚಿದ ಬ್ಯಾಂಕ್‌ಸೈಡ್ ಸ್ಥಾವರವನ್ನು ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ದ ಮ್ಯೂರಾನ್ ಅವರು 2000ದಲ್ಲಿ ಟೇಟ್ ಮಾಡರ್ನ್ ಕಲಾಸಂಗ್ರಹಾಲಯವಾಗಿ ಮಾರ್ಪಡಿಸಿದಾಗ ಟರ್ಬೈನ್ ಹಾಲ್ ಅನ್ನು ಖಾಲಿಯಾಗಿಯೇ ಬಿಟ್ಟರು. ಆ ಒಂದು ತೀರ್ಮಾನ ಇಡೀ ಕಟ್ಟಡವನ್ನು ಕಾಪಾಡಿತು ಎಂಬುದು ನನ್ನ ದೃಢ ಅಭಿಪ್ರಾಯ.

ದುಂಡನೆಯ ಕಟ್ಟಡಗಳು, ಅಂದರೆ ಗ್ಯಾಸ್ ಸಂಗ್ರಾಹಕ ಮತ್ತು ಧಾನ್ಯ ತುಂಬಿಡುವ ಎತ್ತರದ ಕೊಳವೆಗಳಾದ ಸಿಲೋ, ಬಹಳ ದುಬಾರಿ. ಕೇಪ್ ಟೌನ್‌ನ ಧಾನ್ಯ ಸಿಲೋವನ್ನು 2017ರಲ್ಲಿ ಝೈಟ್ಸ್ ಕಲಾಸಂಗ್ರಹಾಲಯವಾಗಿಸಲು ಕಾಂಕ್ರೀಟಿನ ಕೊಳವೆಗಳನ್ನೇ ಕೊರೆದು ಒಳಾಂಗಣ ಮಾಡಬೇಕಾಯಿತು. ಫಲಿತಾಂಶ ಅದ್ಭುತ, ಆದರೆ ಸಾಮಾನ್ಯ ಪುರಸಭೆಯ ಕೈಗೆಟುಕುವ ಕೆಲಸ ಅದಲ್ಲ.

ಮನೆಯೋ, ಕೆಲಸದ ಜಾಗವೋ?

ಹೂಡಿದ ಹಣ ಬೇಗ ಮರಳುವುದು ಮನೆಗಳಿಂದ. ರಾತ್ರಿಯೂ ಜನ ಇರುವುದರಿಂದ ಪಾಳುಬಿದ್ದ ಬೀದಿಗೆ ಸುರಕ್ಷತೆ ಬರುತ್ತದೆ. ಆದರೆ ಪ್ರತಿಯೊಂದು ಮನೆಗೂ ಅಡುಗೆಮನೆ, ಸ್ನಾನದ ಮನೆ, ಅವುಗಳ ಕೊಳವೆಗಳು, ಬೆಂಕಿ ತಡೆಯುವ ಗೋಡೆ, ಶಬ್ದ ತಡೆಯುವ ನೆಲ, ಕಾರಿಗೆ ಜಾಗ ಬೇಕು. ಹಳೆಯ ಕಟ್ಟಡವನ್ನು ಅತಿ ಹೆಚ್ಚು ತುಂಡರಿಸುವ ಬಳಕೆ ಇದೇ. ಇದಕ್ಕಿಂತ ದೊಡ್ಡ ತೊಡಕು ಒಡೆತನದ್ದು. ನೂರು ಮನೆಗಳನ್ನು ನೂರು ಜನರಿಗೆ ಮಾರಿದ ಮೇಲೆ ಆ ಕಟ್ಟಡ ಇನ್ನೆಂದೂ ಬೇರೆ ಏನೂ ಆಗಲಾರದು. ಪಕ್ಕದ ಬಡಗಿಯ ಯಂತ್ರ, ಎದುರಿನ ಸಂಗೀತ ಸಭೆಯ ಸದ್ದಿನ ಮೇಲೆ ದೂರುಗಳು ಶುರುವಾಗುತ್ತವೆ, ಹತ್ತು ವರ್ಷಗಳಲ್ಲಿ ಆ ಬಡಗಿ, ಆ ಸಂಗೀತ ಸಭೆ ಅಲ್ಲಿಂದ ಹೊರಡಬೇಕಾಗುತ್ತದೆ.

ವಿಯೆನ್ನಾ ನಗರದ ನಾಲ್ಕು ಗ್ಯಾಸ್ ಸಂಗ್ರಾಹಕಗಳನ್ನು, ಅಂದರೆ ಗ್ಯಾಸೋಮೀಟರ್‌ಗಳನ್ನು ಇಲ್ಲಿ ನೆನೆಯಬೇಕು. 1896ರಿಂದ 1899ರ ನಡುವೆ ಕಟ್ಟಿದ ಇವು 1984ರವರೆಗೆ ಕೆಲಸ ಮಾಡಿದವು. ವಾಸ್ತುಶಿಲ್ಪಿಗಳಾದ ಜಾನ್ ನೂವೆಲ್, ಕೂಪ್ ಹಿಮ್ಮೆಲ್ಬ್ಲಾವ್, ಮಾನ್‌ಫ್ರೆಡ್ ವೆಡೊರ್ನ್, ವಿಲ್ಹೆಲ್ಮ್ ಹೋಲ್ಟ್ಸ್‌ಬಾವರ್ ತಲಾ ಒಂದೊಂದನ್ನು ವಿನ್ಯಾಸಗೊಳಿಸಿದರು, 2001ರಲ್ಲಿ ಮನೆಗಳು ಸಿದ್ಧವಾದವು. ಇಟ್ಟಿಗೆಯ ಹೊರಗೋಡೆ ಉಳಿಯಿತು, ಒಳಗಿನ ಯಂತ್ರವ್ಯವಸ್ಥೆ ಹೋಯಿತು. ಮನೆಗಳು, ವಿದ್ಯಾರ್ಥಿ ನಿಲಯ, ಸಂಗೀತ ಸಭಾಂಗಣ, ಅಂಗಡಿಗಳು ಒಟ್ಟಿಗೇ ಬಂದವು. ಅಂಗಡಿಗಳ ಭಾಗ ಕಾಲಕ್ರಮೇಣ ಸೊರಗಿತು, ಮನೆಗಳು ಉಳಿದುಕೊಂಡವು. ಅದಕ್ಕೆ ಒಂದು ಮುಖ್ಯ ಕಾರಣ ಮೆಟ್ರೊ ಮಾರ್ಗವನ್ನು 2000ದಲ್ಲಿಯೇ ಅಲ್ಲಿಯವರೆಗೆ ಎಳೆದದ್ದು. ಸಾರಿಗೆ ಬರದೆ ಮನೆಗಳನ್ನು ಕಟ್ಟಿದರೆ ಹಳೆಯ ಬೀದಿಗಳು ಕಾರುಗಳಿಂದ ಉಸಿರುಗಟ್ಟುತ್ತವೆ.

ಕೆಲಸದ ಜಾಗವೆಂದರೆ ಕಚೇರಿ ಒಂದೇ ಅಲ್ಲ. ಮುದ್ರಣ, ಮರಗೆಲಸ, ಲೋಹದ ಕೆಲಸ, ಆಹಾರ ತಯಾರಿಕೆ, ಉಡುಪು, ಎಲೆಕ್ಟ್ರಾನಿಕ್ಸ್ ಜೋಡಣೆಯಂಥ ಸಣ್ಣ ಉತ್ಪಾದನೆಗಳು ಹಳೆಯ ಕಾರ್ಖಾನೆಗೆ ಅತ್ಯಂತ ಸಹಜವಾದ ವಾರಸುದಾರರು. ಸರಕಿನ ಲಿಫ್ಟು, ಲಾರಿ ನಿಲ್ಲುವ ಕಟ್ಟೆ, ಎತ್ತರದ ಚಾವಣಿ, ಗಟ್ಟಿ ನೆಲ ಇವರಿಗೆ ಹಾಗೆಯೇ ಬೇಕು. ಬದಲಾವಣೆಯ ಖರ್ಚು ಕಡಿಮೆ, ಕಟ್ಟಡಕ್ಕೆ ಆಗುವ ಗಾಯ ಕಡಿಮೆ, ಸುತ್ತಲಿನ ಬಡಾವಣೆಯ ಕೈಕಸುಬಿನವರಿಗೆ ಉದ್ಯೋಗ ಸಿಗುತ್ತದೆ. ಬಾಡಿಗೆ ಮಾತ್ರ ಕಡಿಮೆ ಬರುತ್ತದೆ. ಸಭೆಗಳಲ್ಲಿ ಈ ಆಯ್ಕೆಯ ಹೆಸರೇ ಎತ್ತದಿರುವುದಕ್ಕೆ ಆ ಕಡಿಮೆ ಬಾಡಿಗೆಯೇ ಕಾರಣ, ನನಗೆ ಅತ್ಯಂತ ಬೇಸರ ತರುವ ಸಂಗತಿಯೂ ಅದೇ.

ನ್ಯೂಯಾರ್ಕಿನ ಬ್ರೂಕ್ಲಿನ್ ನೌಕಾಂಗಣ ಈ ಬೇಸರಕ್ಕೆ ಒಳ್ಳೆಯ ಉತ್ತರ. 1966ರಲ್ಲಿ ಅಮೆರಿಕದ ನೌಕಾಪಡೆ ಅದನ್ನು ಮುಚ್ಚಿದ ಮೇಲೆ ನಗರಾಡಳಿತ ಜಾಗವನ್ನು ಪಡೆದು ಮಾರದೆ ಇಟ್ಟುಕೊಂಡಿತು. ಲಾಭರಹಿತ ನಿಗಮವೊಂದು ಸಣ್ಣ ತಯಾರಕರಿಗೆ ಅದನ್ನು ಬಾಡಿಗೆಗೆ ಕೊಡುತ್ತಿದೆ. ಸುತ್ತಲಿನ ಬ್ರೂಕ್ಲಿನ್‌ನಲ್ಲಿ ಭೂಮಿಯ ಬೆಲೆ ಗಗನಕ್ಕೇರಿದಾಗಲೂ ಅಲ್ಲಿ ಉತ್ಪಾದನೆ ಉಳಿಯಿತು, ಏಕೆಂದರೆ ನೆಲ ಸಾರ್ವಜನಿಕರದ್ದಾಗಿತ್ತು. ಇಂಗ್ಲೆಂಡಿನ ಸಾಲ್ಟೇರ್‌ನ ದಾರಿ ಬೇರೆ. 1986ರಲ್ಲಿ ಮುಚ್ಚಿದ ಸಾಲ್ಟ್ಸ್ ಮಿಲ್ ಅನ್ನು ಮರುವರ್ಷ ಉದ್ಯಮಿ ಜೊನಾಥನ್ ಸಿಲ್ವರ್ ಕೊಂಡು, ಒಂದು ಭಾಗದಲ್ಲಿ ಡೇವಿಡ್ ಹಾಕ್ನಿಯ ಚಿತ್ರಗಳ ಗ್ಯಾಲರಿ, ಇನ್ನೊಂದು ಭಾಗದಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮ ಎಂದು ಜೊತೆಜೊತೆಯಾಗಿ ತಂದರು. ಒಂದರ ಬಾಡಿಗೆ ಇನ್ನೊಂದನ್ನು ಹೊತ್ತಿತು. ಆ ಗಿರಣಿ ಊರು 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ವಸ್ತುಸಂಗ್ರಹಾಲಯ ಎಂಬ ಸುಲಭ ಉತ್ತರ

ಸಂಗ್ರಹಾಲಯವನ್ನು ಯಾರೂ ವಿರೋಧಿಸುವುದಿಲ್ಲ, ಅದರ ಅಪಾಯ ಇರುವುದೇ ಅಲ್ಲಿ. ಕಟ್ಟಲು ಅನುದಾನ ಸಿಗುತ್ತದೆ. ಹನ್ನೊಂದನೆಯ ವರ್ಷದ ವಿದ್ಯುತ್ ಬಿಲ್ಲಿಗೆ, ಕಾವಲಿಗೆ, ತೇವಾಂಶ ನಿಯಂತ್ರಣಕ್ಕೆ, ಹೊಸ ಪ್ರದರ್ಶನಕ್ಕೆ ಹಣ ಎಲ್ಲಿಂದ ಎಂಬುದನ್ನು ಉದ್ಘಾಟನೆಯ ದಿನ ಯಾರೂ ಹೇಳುವುದಿಲ್ಲ. ಟೇಟ್ ಮಾಡರ್ನ್ ಲಂಡನ್ನಿನ ಪ್ರವಾಸಿಗಳ ಮೇಲೆ ಬದುಕುತ್ತದೆ, ಚಿಕ್ಕ ಊರಿಗೆ ಅಷ್ಟು ಜನ ಬರುವುದಿಲ್ಲ. ಸಂಗ್ರಹಾಲಯ ಬೇಕೇ ಬೇಕೆಂದಾದರೆ ಕಟ್ಟಡದ ಹತ್ತನೆಯ ಒಂದು ಭಾಗ ಸಾಕು. ಒಂದು ಸಾಲು ಯಂತ್ರವನ್ನು ಅದರ ಜಾಗದಲ್ಲಿಯೇ, ಸಾಧ್ಯವಾದರೆ ಓಡುವ ಸ್ಥಿತಿಯಲ್ಲಿ ಉಳಿಸಿಕೊಂಡು ಮಿಕ್ಕದ್ದನ್ನು ದುಡಿಯಲು ಬಿಡಿ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹೀಗೆಯೇ ಬದುಕಿದೆ. 1968ರಲ್ಲಿ ಗಿರಣಿಗಳು ನಿಂತವು, 1974ರಲ್ಲಿ ಟ್ರಸ್ಟ್ ರಚನೆಯಾಯಿತು. ಈಗ ಒಂದು ಗಿರಣಿ ಹೋಟೆಲು, ಇನ್ನೊಂದರಲ್ಲಿ ಸಂಗ್ರಹಾಲಯ ಮತ್ತು ಉಣ್ಣೆ ನೂಲುವ ಯಂತ್ರ. ನದಿಯ ನೀರಿನಿಂದ ಓಡುವ ಟರ್ಬೈನ್ ವಿದ್ಯುತ್ತನ್ನೂ ಕೊಡುತ್ತದೆ. ಕಾರ್ಮಿಕರ ಹಳೆಯ ವಸತಿಗಳಲ್ಲಿ ಜನ ವಾಸವಿದ್ದಾರೆ.

ಸಂಗ್ರಹಾಲಯಕ್ಕಿಂತ ಸಮುದಾಯ ಕೇಂದ್ರ ಎಷ್ಟೋ ವೇಳೆ ಹೆಚ್ಚು ಸಾರ್ಥಕ. ಬ್ರೆಜಿಲ್‌ನ ಸಾವ್ ಪಾವ್ಲೊ ನಗರದ ಸೆಸ್ಕ್ ಪಾಂಪೇಯ ಮೊದಲು ಡ್ರಮ್, ಅಂದರೆ ಪೀಪಾಯಿ ತಯಾರಿಸುವ ಕಾರ್ಖಾನೆಯಾಗಿತ್ತು. ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ಅಲ್ಲಿಗೆ ಹೋದಾಗ ಮಕ್ಕಳು ಆಡುವುದನ್ನೂ ಕುಟುಂಬಗಳು ವಾರಾಂತ್ಯ ಕಳೆಯುವುದನ್ನೂ ಕಂಡು, ಇದನ್ನು ಹೀಗೆಯೇ ಮುಂದುವರಿಸುವುದೇ ತನ್ನ ಕೆಲಸ ಎಂದು ತಿಳಿದರು. ಕಾಂಕ್ರೀಟಿನ ಚೌಕಟ್ಟು, ಇಟ್ಟಿಗೆ ಗೋಡೆ ಹಾಗೆಯೇ ಉಳಿದವು. ಗ್ರಂಥಾಲಯ, ರಂಗಮಂದಿರ, ಕುಶಲಕಲೆಯ ಕಾರ್ಯಾಗಾರ, ಊಟದ ಮನೆ ಬಂದವು. 1982ರಲ್ಲಿ ಮೊದಲ ಹಂತ ತೆರೆಯಿತು, 1986ರಲ್ಲಿ ಪಕ್ಕದಲ್ಲಿ ಆಟೋಟಗಳ ಗೋಪುರ ಎದ್ದಿತು. ಅದನ್ನು ನಡೆಸುವ ಸಂಸ್ಥೆಗೆ ವಾಣಿಜ್ಯ ಕ್ಷೇತ್ರದ ಸಂಬಳಪಟ್ಟಿಯಿಂದ ಕಾಯಂ ವಂತಿಗೆ ಬರುತ್ತದೆ ಎಂಬುದನ್ನು ಮರೆಯಬೇಡಿ. ಆದಾಯದ ಮೂಲ ಗಟ್ಟಿಯಾಗಿದ್ದರಿಂದಲೇ ಆ ಔದಾರ್ಯ ಬಾಳಿತು.

ಮಾಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೋಲೆಂಡಿನ ವೂಚ್ ನಗರದಲ್ಲಿ ಪೊಜ್ನಾನ್ಸ್ಕಿಯ ಬಟ್ಟೆ ಗಿರಣಿಗಳು 2006ರಲ್ಲಿ ಮಾನುಫಾಕ್ತುರಾ ಎಂಬ ಮಾಲ್ ಆದವು. ಕೆಂಪಿಟ್ಟಿಗೆಯ ಕಟ್ಟಡಗಳು ಚೆನ್ನಾಗಿ ಉಳಿದಿವೆ, ನಡುವಿನ ಚೌಕದಲ್ಲಿ ಜನ ತುಂಬಿರುತ್ತಾರೆ. ಆದರೆ ನಗರದ ಹಳೆಯ ಪಿಯೋತ್ರ್ಕೋವ್ಸ್ಕಾ ಬೀದಿಯ ಗಿರಾಕಿಗಳನ್ನು ಅದು ಸೆಳೆದುಕೊಂಡಿತೆಂಬ ದೂರೂ ಇದೆ. ಹಳೆಯ ಪೇಟೆಯ ಪಕ್ಕದಲ್ಲಿ ಮಾಲ್ ಇಡುವ ಮುನ್ನ ಈ ಒಂದು ಲೆಕ್ಕ ಹಾಕಿ: ಹೊಸ ವ್ಯಾಪಾರ ಎಷ್ಟು, ಪೇಟೆಯಿಂದ ಕಿತ್ತುಕೊಂಡದ್ದು ಎಷ್ಟು?

ಉದ್ಯಾನ, ಅಥವಾ ಸುಮ್ಮನೆ ಕಾಯುವುದು

ಬಳಕೆಗೆ ಒಗ್ಗದ ಬೃಹತ್ ಸ್ಥಾವರ, ಕೆಟ್ಟ ಮಣ್ಣು, ಭೂಮಿಗೆ ಬೇಡಿಕೆ ಇಲ್ಲದ ನಗರ, ಈ ಮೂರೂ ಸೇರಿದಲ್ಲಿ ಉದ್ಯಾನವೇ ಉತ್ತಮ. ಜರ್ಮನಿಯ ಡ್ಯೂಸ್‌ಬುರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಭೂದೃಶ್ಯ ವಿನ್ಯಾಸಕ ಪೀಟರ್ ಲಾಟ್ಸ್ ಸುಮಾರು 180 ಹೆಕ್ಟೇರ್‌ಗಳ ಉದ್ಯಾನವಾಗಿಸಿದರು, 1994ರಲ್ಲಿ ಅದು ತೆರೆಯಿತು. ಊದುಕುಲುಮೆಗಳನ್ನು ಕೆಡವಲಿಲ್ಲ. ಅದಿರಿನ ತೊಟ್ಟಿಗಳ ಗೋಡೆಗಳಲ್ಲಿ ಜನ ಬಂಡೆ ಹತ್ತುವುದನ್ನು ಅಭ್ಯಾಸ ಮಾಡುತ್ತಾರೆ, ನೀರು ತುಂಬಿದ ಗ್ಯಾಸೋಮೀಟರಿನಲ್ಲಿ ಮುಳುಗು ಈಜು ಕಲಿಯುತ್ತಾರೆ. ಹೆಚ್ಚು ವಿಷಪೂರಿತ ಮಣ್ಣನ್ನು ಹೊರಗೆ ಸಾಗಿಸದೆ ಅಲ್ಲಿಯ ಬಂಕರುಗಳಲ್ಲಿಯೇ ಮುಚ್ಚಿಟ್ಟರು. ತುಕ್ಕು ಹಿಡಿಯುವ ಉಕ್ಕನ್ನು ಹಾಗೆಯೇ ಉಳಿಸಲು ಮಾತ್ರ ನಿರಂತರ ದುರಸ್ತಿ ಬೇಕು, ಉದ್ಯಾನ ಅಗ್ಗವೆಂಬ ನಂಬಿಕೆ ಸರಿಯಲ್ಲ.

ಕಾಯುವುದೂ ಒಂದು ಆಯ್ಕೆ, ಚಾವಣಿ ಸೋರದಿದ್ದರೆ ಮಾತ್ರ. ಜಪಾನಿನ ತೊಮಿಯೊಕ ರೇಷ್ಮೆ ಗಿರಣಿ 1872ರದ್ದು, 1987ರಲ್ಲಿ ಕೆಲಸ ನಿಲ್ಲಿಸಿತು. ಒಡೆತನದ ಕಟಕುರ ಕಂಪನಿ ಅದನ್ನು ಮಾರಲಿಲ್ಲ, ಕೆಡವಲಿಲ್ಲ. ತನ್ನ ಖರ್ಚಿನಲ್ಲಿ ಕಾಪಾಡಿ 2005ರಲ್ಲಿ ನಗರಕ್ಕೆ ಒಪ್ಪಿಸಿತು, 2014ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಲಂಡನ್ನಿನ ಬ್ಯಾಟರ್ಸೀ ವಿದ್ಯುತ್ ಸ್ಥಾವರದ ಕಥೆ ಇದಕ್ಕೆ ವಿರುದ್ಧ. 1983ರಲ್ಲಿ ಮುಚ್ಚಿದ ಅದನ್ನು ಮನರಂಜನಾ ಉದ್ಯಾನವಾಗಿಸಲು ಚಾವಣಿ ಕಿತ್ತರು, ಹಣ ಮುಗಿಯಿತು, ಮಳೆಯಲ್ಲಿ ನೆನೆಯುತ್ತ ಅದು ದಶಕಗಳನ್ನು ಕಳೆಯಿತು. ನಾಲ್ಕು ಚಿಮಣಿಗಳನ್ನೂ ಕೆಡವಿ ಮತ್ತೆ ಕಟ್ಟಿ 2022ರಲ್ಲಿ ಅದು ಅಂಗಡಿ, ಕಚೇರಿ, ದುಬಾರಿ ಮನೆಗಳ ಸಂಕೀರ್ಣವಾಗಿ ತೆರೆಯಿತು. ಇವೆರಡರ ನಡುವೆ ಇದ್ದ ಮುಖ್ಯ ವ್ಯತ್ಯಾಸ ಒಂದು ಸೂರು. ಯೋಜನೆಗೆ ಪೂರ್ತಿ ಹಣ ಕೈಗೆ ಬರುವವರೆಗೆ ಚಾವಣಿಗೆ ಕೈ ಹಚ್ಚಲು ಯಾರಿಗೂ ಅನುಮತಿ ಕೊಡಬೇಡಿ.

ಕಾಯುವಾಗ ತಾತ್ಕಾಲಿಕ ಬಳಕೆಗೆ ಕೊಡಬಹುದು. ಆಮ್‌ಸ್ಟರ್‌ಡ್ಯಾಮಿನ ವೆಸ್ಟರ್‌ಗಾಸ್‌ಫಾಬ್ರಿಕ್‌ನಲ್ಲಿ ಅನಿಲ ತಯಾರಿಕೆ 1967ರಲ್ಲಿ ನಿಂತಿತು. ಮಣ್ಣು ತೀರ ಕೆಟ್ಟಿದ್ದರಿಂದ ಯೋಜನೆ ತಡವಾಯಿತು. 1990ರ ದಶಕದಲ್ಲಿ ಕಲಾವಿದರಿಗೆ, ಉತ್ಸವಗಳಿಗೆ ಕಟ್ಟಡಗಳನ್ನು ಅಲ್ಪಾವಧಿಗೆ ಕೊಟ್ಟರು. ಯಾವ ಕಟ್ಟಡಕ್ಕೆ ಏನು ಒಗ್ಗುತ್ತದೆಂದು ಕಾಗದದ ಮೇಲೆ ಊಹಿಸುವ ಬದಲು ಹೀಗೆ ಕಣ್ಣಾರೆ ಕಂಡುಕೊಂಡರು, 2003ರಲ್ಲಿ ಉದ್ಯಾನ ತೆರೆಯಿತು. ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಆದರೆ ತಾತ್ಕಾಲಿಕವಾಗಿ ಬಂದವರು ಜಾಗದ ಹೆಸರು ಬೆಳೆಸುತ್ತಾರೆ, ಹೆಸರು ಬೆಳೆದ ಮೇಲೆ ಬಾಡಿಗೆ ಅವರನ್ನೇ ಓಡಿಸುತ್ತದೆ. ನ್ಯೂಯಾರ್ಕಿನ ಸೋಹೊ ಬಡಾವಣೆಯಲ್ಲೂ ಬೀಜಿಂಗಿನ 798 ಕಾರ್ಖಾನೆ ಪ್ರದೇಶದಲ್ಲೂ ಆದದ್ದು ಇದೇ. ಅವರಿಗೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ: ಎಷ್ಟು ವರ್ಷ, ಆಮೇಲೆ ಎಷ್ಟು ಪಾಲು ಜಾಗ ಹಳೆಯ ಬಾಡಿಗೆಗೇ ಉಳಿಯುತ್ತದೆ.

ಮುಖ ಮಾತ್ರ ಉಳಿಸುವುದು

ಬೀದಿಯ ಕಡೆಯ ಗೋಡೆಯೊಂದನ್ನು ನಿಲ್ಲಿಸಿಕೊಂಡು ಹಿಂದೆ ಇಪ್ಪತ್ತು ಮಹಡಿ ಏರಿಸುವುದನ್ನು ರಾಜಿ ಸೂತ್ರವೆಂದು ಮಾರುತ್ತಾರೆ. ಹಾಂಬುರ್ಗಿನ ಎಲ್ಬ್‌ಫಿಲ್ಹಾರ್ಮನಿ ಸಭಾಂಗಣ 1960ರ ದಶಕದ ಕೋಕೋ ಗೋದಾಮಿನ ಹೊರಗೋಡೆಯ ಮೇಲೆ 2017ರಲ್ಲಿ ಎದ್ದಿತು. ಒಳಭಾಗ ಪೂರ್ತಿ ಹೋಯಿತು, ನಗರದ ಬೊಕ್ಕಸಕ್ಕೆ ಬಿದ್ದ ಹೊರೆ 789 ಮಿಲಿಯನ್ ಯೂರೊ. ಅದು ಶ್ರೇಷ್ಠ ಹೊಸ ಕಟ್ಟಡ, ಒಪ್ಪುತ್ತೇನೆ. ಹಳೆಯ ಕಟ್ಟಡದ ಮರುಬಳಕೆ ಎಂದು ಅದನ್ನು ಕರೆಯಲಾರೆ. ಕೈಗಾರಿಕಾ ಪರಂಪರೆಯ ಬಗ್ಗೆ 2003ರಲ್ಲಿ ರೂಪುಗೊಂಡ ನಿಜ್ನಿ ತಗಿಲ್ ಸನ್ನದು ಕಟ್ಟಡದ ಜೊತೆ ಯಂತ್ರ, ಸರಕು ಸಾಗುತ್ತಿದ್ದ ಮಾರ್ಗ, ಕೆಲಸದ ಕ್ರಮ ಎಲ್ಲವನ್ನೂ ಒಂದೇ ಪರಂಪರೆಯಾಗಿ ನೋಡುತ್ತದೆ. ಮುಖದ ಗೋಡೆ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಚೌಕಟ್ಟು ನಿಜವಾಗಿಯೂ ಕುಸಿಯುವ ಸ್ಥಿತಿಯಲ್ಲಿದ್ದರೆ ಮಾತ್ರ, ಅದೂ ಸ್ವತಂತ್ರ ಎಂಜಿನಿಯರ್ ಒಬ್ಬರ ವರದಿಯ ಮೇಲೆ, ಇದನ್ನು ಪರಿಗಣಿಸಬಹುದು.

ಹೊಸ ಕಟ್ಟಡದ ಎತ್ತರವನ್ನೂ ಇಲ್ಲಿಯೇ ನೋಡಬೇಕು. ಲಿವರ್‌ಪೂಲ್ 1988ರ ಹೊತ್ತಿಗೆ ಆಲ್ಬರ್ಟ್ ಡಾಕ್ ಗೋದಾಮುಗಳನ್ನು ಸೊಗಸಾಗಿ ಮರುಬಳಸಿ ಮಾದರಿಯಾಗಿತ್ತು. ಅದೇ ನಗರದ ನದಿದಂಡೆಯ ಹೊಸ ಯೋಜನೆಗಳಿಂದಾಗಿ 2021ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಯಿಂದ ಹೊರಬಿತ್ತು. ಒಂದು ಕಟ್ಟಡವನ್ನು ಉಳಿಸಿದರೆ ಪ್ರದೇಶ ಉಳಿದಂತಾಗುವುದಿಲ್ಲ.

ನೆಲ ಯಾರ ಕೈಯಲ್ಲಿ?

ಮುಂಬೈನ ಜವಳಿ ಗಿರಣಿಗಳ ಪ್ರದೇಶವಾಗಿದ್ದ ಗಿರಣ್‌ಗಾಂವ್‌ನ ಅನುಭವ ಎಲ್ಲ ಆಯ್ಕೆಗಳಿಗಿಂತ ಮೊದಲು ಓದಬೇಕಾದ ಪಾಠ. 1982ರ ಜವಳಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ಅಭಿವೃದ್ಧಿ ನಿಯಮ ಗಿರಣಿ ಭೂಮಿಯನ್ನು ಸುಮಾರು ಮೂರು ಪಾಲು ಮಾಡಿತು: ಬಯಲಿಗೆ ಒಂದು, ಸಾರ್ವಜನಿಕ ವಸತಿಗೆ ಒಂದು, ಮಾಲೀಕರಿಗೆ ಒಂದು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಮೊದಲಿನಿಂದಲೂ ಖಾಲಿ ಇದ್ದ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು, ಕಟ್ಟಡ ಕೆಡವಿ ಖಾಲಿಯಾಗುವ ನೆಲ ಲೆಕ್ಕದಿಂದ ಹೊರಗುಳಿಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸಾರ್ವಜನಿಕರ ಪಾಲಿಗೆ ಬರಬಹುದಾಗಿದ್ದ ನೆಲ ಬಹಳವಾಗಿ ಕುಗ್ಗಿತು, ಮಾಲ್‌ಗಳೂ ಗೋಪುರಗಳೂ ಎದ್ದವು. ಒಂದು ವಾಕ್ಯದ ತಿದ್ದುಪಡಿ ಇಡೀ ಬಡಾವಣೆಯ ಮುಂದಿನ ನೂರು ವರ್ಷವನ್ನು ನಿರ್ಧರಿಸಿತು.

ಹೀಗಾಗಿ ಮಾರಾಟ, ದೀರ್ಘ ಗುತ್ತಿಗೆ (ಒಡೆತನ ನಗರದಲ್ಲಿಯೇ ಉಳಿಸಿಕೊಂಡು ಹಲವು ವರ್ಷಗಳಿಗೆ ಬಾಡಿಗೆಗೆ ಕೊಡುವುದು), ಟ್ರಸ್ಟ್ ಇವುಗಳಲ್ಲಿ ನನ್ನ ಆಯ್ಕೆ ಗುತ್ತಿಗೆ. ಮಾರಾಟದಿಂದ ಬಂದ ಹಣ ಒಂದು ಬಜೆಟ್ಟಿನಲ್ಲಿ ಕರಗುತ್ತದೆ. ಟ್ರಸ್ಟ್ ಒಳ್ಳೆಯದು, ಅದಕ್ಕೆ ಆದಾಯ ತರುವ ಆಸ್ತಿಯನ್ನೂ ಜೊತೆಗೇ ಕೊಟ್ಟರೆ. ಮಾರ್ಸೇಲ್‌ನ ಹಳೆಯ ತಂಬಾಕು ಕಾರ್ಖಾನೆಯಲ್ಲಿ 1992ರಲ್ಲಿ ಶುರುವಾದ ಲಾ ಫ್ರಿಶ್ ಕಲಾಕೇಂದ್ರ 2007ರಲ್ಲಿ ಸಹಕಾರಿ ಸಂಘವಾಗಿ ಗಟ್ಟಿಯಾಯಿತು. ಬಳಸುವವರೇ ನಡೆಸುವ ಆ ರೂಪವನ್ನೂ ಯೋಚಿಸಬಹುದು.

ಯಾವ ಜಾಗಕ್ಕೆ ಯಾವುದೆಂದು ಕೇಳಿದರೆ ನಾನು ಹೀಗೆ ಹೇಳುತ್ತೇನೆ. ಮಣ್ಣು ಚೆನ್ನಾಗಿದ್ದು, ಕಟ್ಟಡದ ಅಗಲ ಕಡಿಮೆಯಿದ್ದು, ಬಸ್ಸೋ ರೈಲೋ ಹತ್ತಿರವಿದ್ದರೆ ಮೇಲಿನ ಮಹಡಿಗಳಲ್ಲಿ ಬಾಡಿಗೆ ಮನೆ, ಕೆಳಗೆ ಕಾರ್ಯಾಗಾರ. ಶೆಡ್ಡಾದರೆ ಸಣ್ಣ ಉತ್ಪಾದನೆ, ತರಬೇತಿ, ಮಾರುಕಟ್ಟೆ. ದೊಡ್ಡ ಪಡಸಾಲೆಯಾದರೆ ಸಾರ್ವಜನಿಕ ಬಳಕೆ, ಅದೂ ಆದಾಯದ ಮೂಲ ಖಚಿತವಾದ ಮೇಲೆ. ಮಣ್ಣು ಕೆಟ್ಟಿದ್ದರೆ ಉದ್ಯಾನ ಮತ್ತು ತಾತ್ಕಾಲಿಕ ಬಳಕೆ. ಹಣವಿಲ್ಲದಿದ್ದರೆ ಚಾವಣಿ, ಮಳೆನೀರಿನ ಕೊಳವೆ, ಕಾವಲು ಮಾತ್ರ.

ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಐದಾರು ಸಂಗತಿಗಳು ಅದರಲ್ಲಿ ಇವೆಯೇ ನೋಡಿ. ಮಣ್ಣಿನ ತಪಾಸಣೆಯ ಖರ್ಚು ಯಾರದ್ದು, ಎಷ್ಟು ವರ್ಷ? ಚಾವಣಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ವರದಿಯನ್ನು ಬಹಿರಂಗಪಡಿಸುವರೇ? ಎಷ್ಟು ಪಾಲು ಜಾಗ ಕಡಿಮೆ ಬಾಡಿಗೆಗೆ ಮೀಸಲು? ಮೊದಲು ಅಲ್ಲಿ ದುಡಿದವರ ಮತ್ತು ಈಗ ಸುತ್ತಲೂ ವಾಸಿಸುವವರ ಪ್ರತಿನಿಧಿ ಆಡಳಿತ ಸಮಿತಿಯಲ್ಲಿ ಇದ್ದಾರೆಯೇ? ಹಳೆಯ ಕಾಂಪೌಂಡ್ ಗೋಡೆಯಲ್ಲಿ ಎಷ್ಟು ಕಡೆ ದಾರಿ ತೆರೆಯುತ್ತಾರೆ, ಆ ದಾರಿಗಳು ರಾತ್ರಿಯೂ ತೆರೆದಿರುತ್ತವೆಯೇ? ಗುತ್ತಿಗೆದಾರರು ಬಳಕೆಯನ್ನು ಬದಲಿಸಿದರೆ ಅಥವಾ ಎರಡು ವರ್ಷ ಖಾಲಿ ಬಿಟ್ಟರೆ ಕಟ್ಟಡ ನಗರಕ್ಕೆ ಮರಳುತ್ತದೆಯೇ? ಕೊನೆಯದಕ್ಕೆ ಉತ್ತರ ಇಲ್ಲದ ಪತ್ರಕ್ಕೆ ಸಹಿ ಹಾಕಬೇಡಿ.